ಮಂಗಳೂರಿನ ಯೆಹೂದ್ಯನ ಬುತ್ತಿ

ನಮ್ಮ ಹಲಗೂರಿನಿಂದ ಬೆಂಗಳೂರಿಗೆ ಕೆಲಸಕ್ಕಾಗಿ ಹೊರಡುವ ಮಗನಿಗೆ ತಾಯಿಯು ರಾಗಿರೊಟ್ಟಿಯ ಬುತ್ತಿಯನ್ನು ಕಟ್ಟಿಕೊಡುವದನ್ನು ನಾವು ನೋಡಿದ್ದೇವೆ. ಬುತ್ತಿಯು ಒಂದು ದಿನದಲ್ಲಿ ತೀರುವದು. ಆಮೇಲೆ ಅವನು ಯಾರ ಪಂಕ್ತಿಯಲ್ಲಿ ಕೂತು ಉಣ್ಣುವನು, ಮನೆಯಲ್ಲಿ ಕಲಿತ ನಡತೆಯನ್ನು ಹೇಗೆ ಕಾಪಾಡುವನು ಎಂಬ ಚಿಂತೆಯು ತಾಯಿಗೆ ಉಳಿಯುವದು. ಎಂಟುನೂರು ವರುಷಗಳಿಗಿಂತ ಹಿಂದೆ ಇಂಥ ಚಿಂತೆಯನ್ನು ಹೊತ್ತು ನಮ್ಮ ಕರಾವಳಿಯಲ್ಲಿ ಬಾಳಿದ ಒಬ್ಬ ಯೆಹೂದ್ಯನ ಸಂಗತಿಯನ್ನು ಈ ಪಾಠದಲ್ಲಿ ವಿಚಾರಿಸೋಣ.

ಅವನ ಹೆಸರು ಅಬ್ರಹಾಮ ಬೆನ್ ಯಿಜು. ಆಫ್ರಿಕದ ಉತ್ತರ ತೀರದ ಮಹ್ದಿಯ ಪಟ್ಟಣವು ಅವನ ಸ್ವಂತ ಊರು. 1132ರಿಂದ 1149ರ ವರೆಗೆ ಹೆಚ್ಚು ಕಾಲ ಅವನು ಮಂಗಳೂರಿನ ಕಡೆಯಲ್ಲಿದ್ದು ಮೆಣಸು, ಅಡಿಕೆ, ಏಲಕ್ಕಿಗಳ ವ್ಯಾಪಾರವನ್ನೂ ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡಿಸಿದನು. ದೇವರ ಹೆಸರುಳ್ಳ ಕಾಗದವನ್ನು ಬಿಸಾಡಬಾರದೆಂದು ಯೆಹೂದ್ಯರು ಹಳೇ ಕಾಗದಗಳನ್ನು ಕೂಡಿಡುತ್ತಿದ್ದರು. ಐಗುಪ್ತದ ಫುಸ್ತಾತಿನ ಸಭಾಮಂದಿರದಲ್ಲಿ ಹೀಗೆ ಉಳಿದ ರಾಶಿಯ ದೊಡ್ಡ ಭಾಗವು 1896-97ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ಹೋಯಿತು. ಅದರಲ್ಲಿ ಅವನ ಪತ್ರಗಳು ದೊರಕಿದವು.

ಯೆಹೂದ್ಯರ ಊಟದ ಕಟ್ಟಳೆಯನ್ನು ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿ ಓದಬಹುದು. ಗೊರಸು ಸೀಳಿ ಮೆಲಕುಹಾಕುವ ಪಶುವನ್ನೂ ರೆಕ್ಕೆ ಪೊರೆಗಳುಳ್ಳ ಮೀನನ್ನೂ ತಿನ್ನಬಹುದು, ಹಂದಿಯು ನಿಷಿದ್ಧ. ರಕ್ತವನ್ನು ತಿನ್ನಕೂಡದು, ಮಾಂಸವನ್ನೂ ಹಾಲನ್ನೂ ಕೂಡಿಸಿ ಉಣ್ಣರು. ಅನ್ಯರು ಮಾಡಿದ ಚೀಸೂ ಅವರಿಗೆ ಸಲ್ಲದು. ಯಾಕಂದರೆ ಹಾಲನ್ನು ಗಟ್ಟಿಮಾಡುವದಕ್ಕೆ ಪಶುವಿನ ಹೊಟ್ಟೆಯ ಪದಾರ್ಥವನ್ನು ಹಾಕುವದುಂಟು. ಸಲ್ಲುವ ಆಹಾರಕ್ಕೆ ಕೋಷೆರ್ ಎಂದು ಹೆಸರು.

ಹಾಗಾದರೆ ಮಂಗಳೂರಿನಲ್ಲಿ ಅವನು ಏನು ಮಾಡಿದನು? ಆದೆನಿನಲ್ಲಿದ್ದ ಅವನ ಮಿತ್ರನಾದ ಯೋಸೇಫ ಬೆನ್ ಅಬ್ರಹಾಮನು ಬಿಳೀ ಸಕ್ಕರೆ, ಒಣದ್ರಾಕ್ಷೆ, ಬರೆಯುವ ಕಾಗದ ಇವುಗಳೊಂದಿಗೆ ಕೋಷೆರ್ ಚೀಸನ್ನೂ ಬುಟ್ಟಿಯಲ್ಲಿಟ್ಟು ಹಡಗಿನ ಮೇಲೆ ಕಳುಹಿಸಿದನು. ಸಮುದ್ರಪ್ರಯಾಣಕ್ಕಾಗಿ ಕಟ್ಟಿದ ಸಾಮಾನುಗಳನ್ನು ಬೆನ್ ಯಿಜು ಸ್ವಹಸ್ತದಿಂದ ಬರೆದ ಪಟ್ಟಿಯೂ ಉಳಿದಿದೆ. ಅದರಲ್ಲಿ ಆಹಾರವೂ ಪಾತ್ರೆಗಳೂ ಇವೆ. ಮುಂಚಿತವಾಗಿ ಯೋಚಿಸದವನಿಗೆ ನಡುಗಡಲಿನಲ್ಲಿ ನೇಮವನ್ನು ಕಾಯುವದು ಹೇಗೆ ಸಾಧ್ಯ?

ಆದರೂ ಅವನು ಊರವರಿಗೆ ಅನ್ಯನಾಗಿ ಬಾಳಲಿಲ್ಲ. ಈ ನಾಡಿನ ಕೆಲಸಗಾರರು ಅವನಿಗಾಗಿ ದುಡಿದರು. ಆಶು ಎಂಬ ದಾಸಿಯನ್ನು 1132ನೆಯ ಅಕ್ಟೋಬರ್ 17ರಲ್ಲಿ ಪತ್ರಮೂಲಕ ಬಿಡುಗಡೆಮಾಡಿದನು. ಆಕೆಯೇ ಅವನ ಮಕ್ಕಳ ತಾಯಿಯೆಂದು ಪಂಡಿತರು ಎಣಿಸುತ್ತಾರೆ. ಮನುಷ್ಯರನ್ನು ಕೊಂಡುಕೊಳ್ಳುತ್ತಿದ್ದ ಆ ಕಾಲದ ಪದ್ಧತಿಯನ್ನು ನಾವು ಹೊಗಳುವದಿಲ್ಲ. ಆದರೆ ಒಂದನ್ನು ಗಮನಿಸಿರಿ: ಆಕೆಯ ಮಗಳನ್ನು ಅವನು ಕೀಳಾಗಿ ಕಾಣದೆ ತನ್ನ ಅಣ್ಣತಮ್ಮಂದಿರ ಮನೆಗೇ ಸೊಸೆಯಾಗಿ ಕೊಟ್ಟನು, 1156ರಲ್ಲಿ ಫುಸ್ತಾತಿನಲ್ಲಿ ಮದುವೆಯಾಯಿತು.

ಸಹೋದರರೇ, ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯವನ್ನು ಓದಿದ ನಮಗೆ ಈ ಊಟದ ಭೇದಗಳು ಕಟ್ಟಳೆಯಲ್ಲ. ಆದರೂ ನೆಂಟರ ಹಬ್ಬದ ಊಟಕ್ಕೆ ಕರೆ ಬಂದಾಗ ನಮ್ಮಲ್ಲಿ ಒಬ್ಬನು ಎಲೆಯನ್ನು ತಳ್ಳಿ ಮನೆಯವರನ್ನು ನೋಯಿಸುತ್ತಾನೆ. ಮತ್ತೊಬ್ಬನು ನಾಚಿ ತನ್ನ ನಂಬಿಕೆಯನ್ನೇ ಮುಚ್ಚಿಡುತ್ತಾನೆ. ಇವೆರಡೂ ಬೇಡ. ಮನಸ್ಸಾಕ್ಷಿಗೆ ಒಪ್ಪದ್ದನ್ನು ಮುಂಚೆಯೇ ವಿನಯದಿಂದ ಹೇಳಿರಿ; ಒಪ್ಪುವದನ್ನು ಸಂತೋಷದಿಂದ ಉಣ್ಣಿರಿ. ಪರಊರಿನಲ್ಲಿರುವ ನಮ್ಮ ಮಕ್ಕಳನ್ನು ಆದೆನಿನ ಮಿತ್ರನಂತೆ ನೆನಸಿ ಪತ್ರವನ್ನಾದರೂ ಬುತ್ತಿಯನ್ನಾದರೂ ಕಳುಹಿಸಿರಿ. ಒಂಟಿಯಾದವನ ನೇಮವು ಬೇಗನೆ ಸಡಿಲವಾಗುವದು.

ಆಲೋಚಿಸತಕ್ಕ ಪ್ರಶ್ನೆಗಳು:
1. ಬೆನ್ ಯಿಜುವಿನ ನೇಮವನ್ನು ಕಾಯುವದರಲ್ಲಿ ಅವನ ಮಿತ್ರನ ಪಾಲೇನು?
2. ನೇಮವನ್ನು ಕಾಯುವವನು ನೆರೆಯವನನ್ನು ಯಾಕೆ ತಿರಸ್ಕರಿಸಬಾರದು?
3. ನಮ್ಮ ಸಭೆಯಿಂದ ದೂರ ಹೋದವರಲ್ಲಿ ಈ ತಿಂಗಳು ಯಾರನ್ನು ವಿಚಾರಿಸೋಣ?