ಅಲ್ಯೂಮಿನಿಯಂ ಲೋಹದಿಂದ ಸಾವಯವ ಅಲ್ಯೂಮಿನಿಯಂ ಸಂಯುಕ್ತಗಳು

ಅಲ್ಯೂಮಿನಿಯಂ ಪರಮಾಣು ನೇರವಾಗಿ ಇಂಗಾಲಕ್ಕೆ ಬಂಧಿತವಾಗಿದ್ದರೆ ಅದು ಸಾವಯವ ಅಲ್ಯೂಮಿನಿಯಂ ಸಂಯುಕ್ತ. 1859ರಲ್ಲಿ ಹಾಲ್ವಾಕ್ಸ್ ಮತ್ತು ಶಾಫಾರಿಕ್ ಎಂಬ ರಸಾಯನಶಾಸ್ತ್ರಜ್ಞರು ಈಥೈಲ್ ಅಯೋಡೈಡ್ ಜೊತೆ ಅಲ್ಯೂಮಿನಿಯಂ ಲೋಹವನ್ನು ಬೆರೆಸಿ ಇಂಥ ಸಂಯುಕ್ತವನ್ನು ಪಡೆದರು.

ಈ ಕ್ರಿಯೆಯಲ್ಲಿ 2 ಅಲ್ಯೂಮಿನಿಯಂ ಪರಮಾಣುಗಳಿಗೆ ಈಥೈಲ್ ಅಯೋಡೈಡ್‌ನಂಥ ಹ್ಯಾಲೈಡ್‌ನ 3 ಅಣುಗಳು ಬೇಕು. ಉತ್ಪನ್ನದ ಹೆಸರು ಸೆಸ್ಕ್ವಿಹ್ಯಾಲೈಡ್. ಲ್ಯಾಟಿನ್‌ನಲ್ಲಿ ‘ಸೆಸ್ಕ್ವಿ’ ಎಂದರೆ ಒಂದೂವರೆ. ಈ ಅರ್ಥ ನೆನಪಿದ್ದರೆ ಅನುಪಾತವನ್ನು ಉರು ಹೊಡೆಯಬೇಕಿಲ್ಲ.

ಲೋಹದ ಮೇಲಿನ ಆಕ್ಸೈಡ್ ಪದರವೇ ದೊಡ್ಡ ಅಡ್ಡಿ. ಅಡುಗೆಮನೆಯ ಪಾತ್ರೆಯನ್ನು ಕಾಯುವ ಅದೇ ಪದರ ಇಲ್ಲಿ ಕ್ರಿಯೆಯನ್ನು ತಡೆಯುತ್ತದೆ. ಅದನ್ನು ಮುರಿಯಲು ಚಿಟಿಕೆ ಅಯೋಡಿನ್ ಹಾಕುವುದುಂಟು. ಸೆಸ್ಕ್ವಿಹ್ಯಾಲೈಡ್‌ಗಳಲ್ಲೊಂದಾದ ಮೀಥೈಲ್ ಸೆಸ್ಕ್ವಿಕ್ಲೋರೈಡನ್ನು ಸೋಡಿಯಂನಿಂದ ಅಪಕರ್ಷಿಸಿದರೆ ಟ್ರೈಮೀಥೈಲ್ ಅಲ್ಯೂಮಿನಿಯಂ ಸಿಗುತ್ತದೆ. ಇದು ಗಾಳಿ ತಗುಲಿದೊಡನೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ನೀರಿನೊಡನೆ ಉಗ್ರವಾಗಿ ವರ್ತಿಸಿ ಮೀಥೇನ್ ಬಿಡುತ್ತದೆ. ಹಾಗಾಗಿ ನೈಟ್ರೋಜನ್ ಅಥವಾ ಆರ್ಗಾನ್ ಅನಿಲದಡಿಯಲ್ಲೇ ಕೆಲಸ.

ಆದರೆ ಟ್ರೈಈಥೈಲ್ ಅಲ್ಯೂಮಿನಿಯಂ ಈಗ ಹ್ಯಾಲೈಡ್ ಇಲ್ಲದೆ ತಯಾರಾಗುತ್ತದೆ: ಲೋಹ, ಹೈಡ್ರೋಜನ್ ಮತ್ತು ಎಥಿಲೀನ್ ಸಾಕು. ಇದು ಜರ್ಮನಿಯ ಕಾರ್ಲ್ ಝೀಗ್ಲರ್ ಕೊಟ್ಟ ದಾರಿ. ಪಾಲಿಥೀನ್ ತಯಾರಿಕೆಯ ವೇಗವರ್ಧಕಗಳಲ್ಲಿ ಈ ಸಂಯುಕ್ತದ ಬಳಕೆಯಿದೆ. ಪ್ರಶ್ನೆಪತ್ರಿಕೆಗೆ ಬೇಕಾದ ಸಂಗತಿ: ಝೀಗ್ಲರ್ ಮತ್ತು ಇಟಲಿಯ ಜೂಲಿಯೋ ನಟ್ಟಾ 1963ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು.