ಮರೆವೇ, ಗೊಂದಲವೇ? ಪಾರಿವಾಳಗಳ ಕಾಲಸ್ಮೃತಿ ಪ್ರಯೋಗದಿಂದ ಒಂದು ಪಾಠ

‘ಸ್ಮೃತಿ ಮತ್ತು ವಿಸ್ಮೃತಿ’ ಘಟಕವನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಎಬಿಂಗ್‌ಹಾಸ್‌ನ ವಿಸ್ಮೃತಿ ರೇಖೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸುತ್ತೇವೆ. ಹೊತ್ತು ಕಳೆದಂತೆ ನೆನಪು ಇಳಿಯುತ್ತದೆ ಎಂಬುದು ಅದರ ಸಾರ. ಆದರೆ ಪರೀಕ್ಷೆಯಲ್ಲಿ ಬರುವ ತಪ್ಪುಗಳೆಲ್ಲ ಮರೆವಿನಿಂದಲೇ ಆಗುತ್ತವೆಯೇ? ಈ ಪ್ರಶ್ನೆಯನ್ನು ಚರ್ಚಿಸಲು ಪಾರಿವಾಳಗಳ ಪ್ರಯೋಗವೊಂದು ನೆರವಾಗುತ್ತದೆ.

ಪ್ರಯೋಗದ ಕ್ರಮ

ಪೆಟ್ಟಿಗೆಯೊಳಗಿನ ಪಾರಿವಾಳಕ್ಕೆ ಒಂದು ದೀಪವನ್ನು ಕೆಲವೊಮ್ಮೆ 2 ಸೆಕೆಂಡು, ಕೆಲವೊಮ್ಮೆ 8 ಸೆಕೆಂಡು ತೋರಿಸುತ್ತಾರೆ. ದೀಪ ಆರಿದೊಡನೆ ಎರಡು ಬಣ್ಣದ ಗುಂಡಿಗಳು ಬೆಳಗುತ್ತವೆ. ಅಲ್ಪಾವಧಿಗೆ ಕೆಂಪನ್ನು, ದೀರ್ಘಾವಧಿಗೆ ಹಸಿರನ್ನು ಕುಕ್ಕಿದರೆ ಕಾಳು ಸಿಗುತ್ತದೆ. ಹಕ್ಕಿ ಇದನ್ನು ಚೆನ್ನಾಗಿ ಕಲಿತ ಮೇಲೆ, ದೀಪ ಆರುವುದಕ್ಕೂ ಗುಂಡಿಗಳು ಬೆಳಗುವುದಕ್ಕೂ ನಡುವೆ ಕೆಲವು ಸೆಕೆಂಡುಗಳ ವಿಳಂಬವನ್ನು ಸೇರಿಸುತ್ತಾರೆ.

ಫಲಿತಾಂಶ

ಬರೀ ಮರೆವಾಗಿದ್ದರೆ ಎರಡು ಬಗೆಯ ಉತ್ತರಗಳೂ ಸಮನಾಗಿ ಕೆಡಬೇಕಿತ್ತು. ಹಾಗಾಗಲಿಲ್ಲ. ವಿಳಂಬ ಹೆಚ್ಚಿದಂತೆ ಹಕ್ಕಿಗಳು ‘ಅಲ್ಪ’ದ ಗುಂಡಿಯತ್ತಲೇ ವಾಲಿದವು. ಅಲ್ಪಾವಧಿಯ ಉತ್ತರಗಳು ಬಹುಪಾಲು ಸರಿಯಾಗಿಯೇ ಉಳಿದವು, ದೀರ್ಘಾವಧಿಯವು ಕೆಟ್ಟವು.

ಎರಡು ವಿವರಣೆಗಳು

1983ರಲ್ಲಿ ಸ್ಪೆಚ್ ಮತ್ತು ವಿಲ್ಕಿ ಅವರು, ನೆನಪಿನಲ್ಲಿರುವ ಅವಧಿಯೇ ಕ್ರಮೇಣ ಕುಗ್ಗುತ್ತದೆ ಎಂದು ವಿವರಿಸಿದರು. 8 ಸೆಕೆಂಡಿನ ನೆನಪು ಕುಗ್ಗಿ 2 ಸೆಕೆಂಡಿನದರ ಹತ್ತಿರಕ್ಕೆ ಬರುತ್ತದೆ.

1998ರಲ್ಲಿ ಶೆರ್ಬರ್ನ್, ಜೆಂಟಾಲ್ ಮತ್ತು ಕೈಸರ್ ಬೇರೊಂದು ಸಾಧ್ಯತೆಯನ್ನು ಮುಂದಿಟ್ಟರು. ಇಂಥ ಪ್ರಯೋಗಗಳಲ್ಲಿ ವಿಳಂಬದ ಹೊತ್ತೂ ಒಂದು ಸರದಿಗೂ ಮುಂದಿನದಕ್ಕೂ ನಡುವಿನ ಬಿಡುವೂ ಹೆಚ್ಚಾಗಿ ಒಂದೇ ರೀತಿ ಕತ್ತಲಾಗಿರುತ್ತವೆ. ಆದ್ದರಿಂದ ವಿಳಂಬವನ್ನು ಹಕ್ಕಿ ಬಿಡುವೆಂದೇ ಭಾವಿಸಬಹುದು. ‘ದೀಪವೇ ಬೆಳಗಲಿಲ್ಲ’ ಎಂಬ ಸ್ಥಿತಿಗೆ ಹೆಚ್ಚು ಹತ್ತಿರವಾದುದು ಅಲ್ಪಾವಧಿಯೇ. ಬೆಳಕಿನ ವ್ಯವಸ್ಥೆಯಿಂದ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವಂತೆ ಮಾಡಿದಾಗ ಆ ವಾಲುವಿಕೆ ಕಾಣಲಿಲ್ಲ. ಹಕ್ಕಿಯ ನೆನಪಿನ ದೋಷವೆಂದು ತೋರಿದ್ದರಲ್ಲಿ ಪರೀಕ್ಷೆಯ ಸನ್ನಿವೇಶದ ಪಾಲೂ ಇತ್ತು.

ತರಗತಿಗೆ ಅನ್ವಯ

ಪಾರಿವಾಳದ ಫಲಿತಾಂಶವನ್ನು ಮಗುವಿಗೆ ನೇರವಾಗಿ ಹೊಂದಿಸಲಾಗದು. ನಮಗೆ ಬೇಕಾದುದು ಇಲ್ಲಿನ ವಿಚಾರಕ್ರಮ. ತಪ್ಪುಗಳು ಎಷ್ಟು ಎಂಬುದರ ಜೊತೆಗೆ ಅವು ಯಾವ ಕಡೆಗೆ ವಾಲಿವೆ ಎಂಬುದನ್ನೂ ನೋಡಬೇಕು. 52−27ಕ್ಕೆ 35 ಎಂದೂ 61−38ಕ್ಕೆ 37 ಎಂದೂ ಬರೆದ ಮಗು ಕಳೆಯುವ ಕ್ರಮವನ್ನು ಮರೆತಿಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದೆ. ‘ಮರೆತಿದ್ದಾನೆ’ ಎಂದು ಅದೇ ಪಾಠವನ್ನು ಮತ್ತೆ ಒಪ್ಪಿಸಿದರೆ ಪರಿಹಾರ ಬೋಧನೆಯ ಹೊತ್ತು ವ್ಯರ್ಥವಾಗುತ್ತದೆ, ಮಗುವಿಗೆ ದಡ್ಡನೆಂಬ ಹೆಸರು ಉಳಿಯುತ್ತದೆ. ಪಾಠದಲ್ಲಿ ಕಂಬಸಾಲಿನಲ್ಲಿ ಕಲಿಸಿ ಪರೀಕ್ಷೆಯಲ್ಲಿ ಅಡ್ಡಸಾಲಿನಲ್ಲಿ ಕೇಳಿದ್ದೇವೆಯೇ ಎಂಬುದನ್ನೂ ಪರಿಶೀಲಿಸಬೇಕು.

ಪ್ರಶಿಕ್ಷಣಾರ್ಥಿಗಳಿಗೆ ಚಟುವಟಿಕೆ

1. ನಿಮ್ಮ ಘಟಕ ಪರೀಕ್ಷೆಯ ಒಂದು ಪ್ರಶ್ನೆಗೆ ಬಂದ ತಪ್ಪು ಉತ್ತರಗಳನ್ನೆಲ್ಲ ಪಟ್ಟಿಮಾಡಿ. ಅವು ಚದುರಿವೆಯೇ, ಒಂದೇ ಕಡೆಗೆ ವಾಲಿವೆಯೇ?
2. ಅದೇ ಪ್ರಶ್ನೆಯನ್ನು ಪಾಠದಲ್ಲಿ ಬಳಸಿದ ರೂಪದಲ್ಲೇ ಮತ್ತೆ ಕೇಳಿ, ಎರಡೂ ಸಲದ ಉತ್ತರಗಳನ್ನು ಹೋಲಿಸಿ.
3. ಇವೆರಡೂ ಆದ ಬಳಿಕವೇ ಪರಿಹಾರ ಬೋಧನೆಯ ಯೋಜನೆಯನ್ನು ಬರೆಯಿರಿ.