ಡಾಂಬರು ರಸ್ತೆಯ ಮೇಲೆ ಹೊಲದ ಟ್ರ್ಯಾಕ್ಟರ್: ಟೈರು ಮತ್ತು ಗೇರುಗಳ ಸವೆತದ ಲೆಕ್ಕ

ಹಾನಗಲ್, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ವರ್ತಕರು ಮತ್ತು ಸಣ್ಣ ಉದ್ದಿಮೆದಾರರಲ್ಲಿ ಸ್ವಂತ ಟ್ರ್ಯಾಕ್ಟರ್ ಹೊಂದಿರುವವರು ಅನೇಕರು. ಹಾನಗಲ್ಲಿನ ಭತ್ತ, ಹಿರೇಕೆರೂರಿನ ಗೋವಿನಜೋಳ ಮತ್ತು ಹತ್ತಿ, ಇಟ್ಟಿಗೆ ಭಟ್ಟಿಯ ಮಣ್ಣು, ಕ್ರಷರ್‌ನ ಜಲ್ಲಿ ಇವೆಲ್ಲವೂ ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿಯೇ ಸಾಗುತ್ತವೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮಾರುಕಟ್ಟೆಗಳಿಗೆ ಹೋಗುವ ದಾರಿ ಬಹುಮಟ್ಟಿಗೆ ಡಾಂಬರಿನದು. ಶಿಗ್ಗಾಂವಿಯವರಿಗಂತೂ ಹಳೆಯ 4ನೇ, ಈಗಿನ 48ನೇ ರಾಷ್ಟ್ರೀಯ ಹೆದ್ದಾರಿಯೇ ಮನೆಯ ಮುಂದಿದೆ. ಹೊಲಕ್ಕಾಗಿ ರೂಪಿಸಲಾದ ಯಂತ್ರವೊಂದು ವರ್ಷದ ಬಹುಭಾಗ ಗಟ್ಟಿ ರಸ್ತೆಯ ಮೇಲೆ ಓಡಿದರೆ ಅದರ ಖರ್ಚು ಎಲ್ಲಿ ಬೀಳುತ್ತದೆ, ಮತ್ತು ಅದು ನಮ್ಮ ಪುಸ್ತಕಗಳಲ್ಲಿ ಏಕೆ ಕಾಣುವುದಿಲ್ಲ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲು ಟೈರು. ಟ್ರ್ಯಾಕ್ಟರಿನ ಹಿಂದಿನ ಟೈರಿನ ಮೇಲೆ ಓರೆಯಾಗಿ ಎದ್ದುನಿಂತಿರುವ ಉಬ್ಬುಪಟ್ಟಿಗಳು, ಅಂದರೆ ಲಗ್ಗುಗಳು, ಮಣ್ಣಿನಲ್ಲಿ ಹೂತು ಹಿಡಿತ ಪಡೆಯಲಿಕ್ಕಾಗಿ ಇರತಕ್ಕವು. ಮೆತ್ತನೆಯ ನೆಲದಲ್ಲಿ ಪಟ್ಟಿಯೂ ಅವುಗಳ ನಡುವಿನ ತಗ್ಗೂ ಕೂಡಿ ಭಾರವನ್ನು ಹಂಚಿಕೊಳ್ಳುತ್ತವೆ. ಡಾಂಬರಿನ ಮೇಲೆ ಹಾಗಾಗದು. ಇಡೀ ಭಾರ ಕೆಲವೇ ಪಟ್ಟಿಗಳ ನೆತ್ತಿಯ ಮೇಲೆ ನಿಲ್ಲುತ್ತದೆ. ಪ್ರತಿಯೊಂದು ಪಟ್ಟಿಯೂ ನೆಲವನ್ನು ಮುಟ್ಟಿ ಬಿಡುವಾಗ ಸ್ವಲ್ಪ ಬಾಗಿ ಉಜ್ಜಿಕೊಳ್ಳುವುದರಿಂದ ಅದರ ಒಂದು ಅಂಚು ಇನ್ನೊಂದಕ್ಕಿಂತ ಬೇಗ ಸವೆಯುತ್ತದೆ. ಇದರೊಡನೆ ವೇಗದಿಂದ ಹುಟ್ಟುವ ಶಾಖವೂ ಸೇರುತ್ತದೆ. ಹೊಲಕ್ಕೆಂದು ಗಾಳಿಯನ್ನು ಕಡಿಮೆ ಮಾಡಿ, ಅದೇ ಗಾಳಿಯಲ್ಲಿ ಭರ್ತಿ ಟ್ರೇಲರ್ ಎಳೆದರೆ ಟೈರಿನ ಪಕ್ಕದ ಗೋಡೆ ಬಾಗಿ ಬಾಗಿ ಕಾದು ಒಳಗಿನ ನೂಲು ಬಿಡುತ್ತದೆ. ಅತಿಯಾಗಿ ತುಂಬಿದರೆ ನಡುಭಾಗ ಮಾತ್ರ ಸವೆಯುತ್ತದೆ. ರಸ್ತೆಯ ಕೆಲಸಕ್ಕೆ ಎಷ್ಟು ಗಾಳಿ ಎಂಬುದು ತಯಾರಕರ ಕೋಷ್ಟಕದಲ್ಲಿದೆ, ಆದರೆ ಅದನ್ನು ತೆರೆದು ನೋಡುವವರು ವಿರಳ. ಎರಡು ಗಾಲಿಯ ಟ್ರೇಲರಿಗೆ ಮಿತಿಮೀರಿ ಹೇರಿದಾಗ ಭಾರದ ಒಂದು ಪಾಲು ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಹಿಂದಿನ ಟೈರುಗಳ ಮೇಲೆಯೇ ಬೀಳುತ್ತದೆಂಬುದೂ ಗಮನಾರ್ಹ.

ಇನ್ನು ಗೇರುಗಳ ವಿಷಯ. ಇದು ನಾಲ್ಕೂ ಗಾಲಿಗೆ ಚಾಲನೆಯುಳ್ಳ, ರೂಢಿಯಲ್ಲಿ ಫೋರ್ ವೀಲ್ ಎನ್ನಲಾಗುವ ಟ್ರ್ಯಾಕ್ಟರುಗಳಿಗೆ ಸಂಬಂಧಿಸಿದ್ದು. ಭತ್ತದ ಕೆಸರುಗದ್ದೆಗೆ ಇವು ಅನುಕೂಲವೆಂಬುದು ನಿಜ. ಆದರೆ ಇವುಗಳಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಸನ್ನೆಯನ್ನು ಹಾಕಿದೊಡನೆ ಎರಡೂ ಅಚ್ಚುಗಳು ಗೇರಿನಿಂದ ಬಿಗಿಯಾಗಿ ಕೂಡಿಕೊಳ್ಳುತ್ತವೆ. ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ತುಸು ಹೆಚ್ಚು ದೂರ ಉರುಳುವಂತೆ ತಯಾರಕರು ಉದ್ದೇಶಪೂರ್ವಕವಾಗಿಯೇ ಗೇರಿನ ಪ್ರಮಾಣ ಇಟ್ಟಿರುತ್ತಾರೆ. ಈ ವ್ಯತ್ಯಾಸ ಶೇ. 3 ಎಂದು ಭಾವಿಸೋಣ. ಕೆಸರಿನಲ್ಲಿ ಗಾಲಿ ಜಾರುವುದರಿಂದ ಇದು ಕರಗಿಹೋಗುತ್ತದೆ. ಒಣ ಡಾಂಬರಿನಲ್ಲಿ 30 ಕಿ.ಮೀ. ಓಡಿದರೆ ಒಟ್ಟು 900 ಮೀಟರಿನಷ್ಟು ವ್ಯತ್ಯಾಸ ಎಲ್ಲಿಯಾದರೂ ತೀರಲೇಬೇಕು. ಟ್ರೇಲರಿನ ಭಾರ ಹಿಂದಿನ ಗಾಲಿಗಳನ್ನು ಒತ್ತಿ ಹಿಡಿದಿರುವುದರಿಂದ ಉಜ್ಜಾಟ ಹೆಚ್ಚಾಗಿ ಮುಂದಿನ ಟೈರುಗಳ ಪಾಲಿಗೆ ಬರುತ್ತದೆ. ಉಜ್ಜಲಿಕ್ಕೂ ಆಗದ ಕ್ಷಣಗಳಲ್ಲಿ ಆ ಬಿಗಿತ ಶಾಫ್ಟು, ಕ್ರೌನ್ ಮತ್ತು ಪಿನಿಯನ್, ಬೇರಿಂಗುಗಳ ಮೇಲೆ ತಿರುಚಿನ ರೂಪದಲ್ಲಿ ಕೂಡುತ್ತ ಹೋಗುತ್ತದೆ. ಸನ್ನೆಯನ್ನು ಬಿಡಿಸಲು ಹೋದಾಗ ಅದು ಕಚ್ಚಿಕೊಂಡು ಬಾರದಿರುವುದು, ಸ್ವಲ್ಪ ಹಿಂದಕ್ಕೆ ಸರಿಸಿದಾಗ ತಟ್ಟನೆ ಬಿಡುವುದು, ಇದರ ಸ್ಪಷ್ಟ ಲಕ್ಷಣ. ಚಾಲಕರು ಇದನ್ನು ಯಂತ್ರದ ಮೊಂಡುತನವೆಂದು ಬಗೆಯುತ್ತಾರೆ.

ಟೈರುಗಳನ್ನು ಬಿಡಿಬಿಡಿಯಾಗಿ ಬದಲಿಸುವ ಪದ್ಧತಿಯೂ ಇದೇ ತೊಂದರೆಯನ್ನು ಬೆಳೆಸುತ್ತದೆ. 650 ಮಿ.ಮೀ. ತ್ರಿಜ್ಯದ ಹಿಂದಿನ ಗಾಲಿಯಲ್ಲಿ 20 ಮಿ.ಮೀ. ಸವೆದರೆ ಅದರ ಸುತ್ತಳತೆ ಸುಮಾರು ಶೇ. 3ರಷ್ಟು ಕುಗ್ಗಿತು. ಹಳೆಯ ಹಿಂಗಾಲಿಗೆ ಹೊಸ ಮುಂಗಾಲಿ ಜೋಡಿಸಿದರೆ ಮೇಲೆ ಹೇಳಿದ ವ್ಯತ್ಯಾಸ ಇಮ್ಮಡಿಯಾಗುತ್ತದೆ. ತದ್ವಿರುದ್ಧವಾಗಿ ಮಾಡಿದರೆ ಮುಂದಿನ ಗಾಲಿ ಎಳೆಯುವುದರ ಬದಲು ತಡೆಯತೊಡಗಬಹುದು. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆಯ ಟೈರು ಹಾಕಿಸುವುದು, ನನ್ನ ದೃಷ್ಟಿಯಲ್ಲಿ, ಉಳಿತಾಯವೇ ಅಲ್ಲ.

ಅಮೆರಿಕದ ಹೊಲಮನೆಗಳಲ್ಲಿ ಇಬ್ಬರು ಅಕ್ಕಪಕ್ಕ ಕುಳಿತು ಓಡಿಸುವ, ನಾಲ್ಕೂ ಗಾಲಿಯ ಚಾಲನೆಯುಳ್ಳ ಸಣ್ಣ ವಾಹನಗಳು ಬಳಕೆಯಲ್ಲಿವೆ. ಅವುಗಳ ತಯಾರಕರು ಕೂಡ ಗಟ್ಟಿ ರಸ್ತೆಯ ಓಟದ ವಿರುದ್ಧ ಕೈಪಿಡಿಗಳಲ್ಲಿ ಎಚ್ಚರಿಕೆ ನೀಡುತ್ತಾರೆ. ವಾಹನ ಬೇರೆಯಾದರೂ ನ್ಯೂನತೆಯ ಮೂಲ ಒಂದೇ.

ಆದ್ದರಿಂದ ಡಾಂಬರಿಗೆ ಏರಿದೊಡನೆ ಮುಂಗಾಲಿಯ ಚಾಲನೆಯನ್ನು ಬಿಡಿಸತಕ್ಕದ್ದು, ಡಿಫರೆನ್ಷಿಯಲ್ ಲಾಕನ್ನು ಮುಟ್ಟಲೇಬಾರದು. ಒಂದು ಅಪವಾದವಿದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಹಿಂದಿನ ಗಾಲಿಗಳಿಗೆ ಮಾತ್ರ ಇರುತ್ತದೆ. ಭಾರ ಹೊತ್ತು ಇಳಿಜಾರು ಇಳಿಯುವಾಗ ಮುಂಗಾಲಿಯ ಚಾಲನೆ ಹಾಕಿದ್ದರೆ ನಾಲ್ಕೂ ಗಾಲಿಗಳು ತಡೆಯಲು ನೆರವಾಗುತ್ತವೆ. ಅಲ್ಲಿ ಟೈರಿನ ಚಿಂತೆ ಬೇಡ, ಕೈಪಿಡಿ ಹೇಳಿದಂತೆ ನಡೆಯಬೇಕು. ಎಡಬಲದ ಬ್ರೇಕ್ ಪೆಡಲುಗಳನ್ನು ರಸ್ತೆಯ ಮೇಲೆ ಕೊಂಡಿಯಿಂದ ಒಂದುಗೂಡಿಸಿರುವುದು ಪ್ರಾಣದ ಪ್ರಶ್ನೆ.

ಈಗ ಲೆಕ್ಕಕ್ಕೆ ಬರೋಣ. ನಾನು ಪರಿಶೀಲಿಸುವ ಪುಸ್ತಕಗಳಲ್ಲಿ ಸ್ವಂತ ಟ್ರ್ಯಾಕ್ಟರಿನ ಸಾಗಣೆಗೆ ಡೀಸೆಲ್ ಮತ್ತು ಚಾಲಕನ ಸಂಬಳ ಇವೆರಡನ್ನೇ ಹಿಡಿದಿರುವುದು ಸಾಮಾನ್ಯ. ಟೈರಿನ ಮೊತ್ತ ಎರಡು ಮೂರು ವರ್ಷಕ್ಕೊಮ್ಮೆ ದುರಸ್ತಿ ಖಾತೆಗೆ ಒಮ್ಮೆಲೇ ಬೀಳುತ್ತದೆ. ಅದು ಯಾವ ಖೇಪಿನ ಖರ್ಚೆಂದು ಯಾರೂ ಕೇಳುವುದಿಲ್ಲ. ಯಂತ್ರದಲ್ಲಿನ ಗಂಟೆಮಾಪಕವೂ ಹೊಲದ ಗಂಟೆಗೂ ರಸ್ತೆಯ ಗಂಟೆಗೂ ಭೇದವೆಣಿಸದು.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಓದುಗರು ತಮ್ಮ ಬಿಲ್ಲಿನ ಅಂಕಿಗಳನ್ನು ಇಟ್ಟು ನೋಡತಕ್ಕದ್ದು. ಹಿಂದಿನ ಜೋಡಿ ಟೈರಿಗೆ ರೂ. 50,000, ರಸ್ತೆಯಲ್ಲಿ 2,000 ಗಂಟೆ ಬಾಳಿಕೆ. ಗಂಟೆಗೆ ರೂ. 25. ಮುಂದಿನ ಜೋಡಿಗೆ ರೂ. 24,000, ಚಾಲನೆ ಬಿಡಿಸಿ ಓಡಿಸಿದರೆ 2,400 ಗಂಟೆ, ಹಾಕಿಯೇ ಓಡಿಸಿದರೆ 1,200 ಗಂಟೆ. ಅಂದರೆ ಗಂಟೆಗೆ ರೂ. 10 ಅಥವಾ ರೂ. 20. ಹೋಗಿಬರುವ 70 ಕಿ.ಮೀ. ದಾರಿಯನ್ನು ಗಂಟೆಗೆ 20 ಕಿ.ಮೀ.ನಂತೆ ಮೂರೂವರೆ ಗಂಟೆಯಲ್ಲಿ ಕ್ರಮಿಸಿದರೆ, ಸನ್ನೆ ಬಿಡಿಸದ ಚಾಲಕನ ಖೇಪಿಗೆ ಟೈರಿನ ಖರ್ಚು ರೂ. 157.50, ಬಿಡಿಸಿದವನದು ರೂ. 122.50. ಸುಗ್ಗಿಯಲ್ಲಿ 150 ಖೇಪಾದರೆ ಮೊದಲನೆಯದು ರೂ. 23,625. ಇದರಲ್ಲಿ ರೂ. 5,250 ಕೇವಲ ಒಂದು ಸನ್ನೆಯ ಬೆಲೆ. ಮುಂದಿನ ಅಚ್ಚನ್ನು ಬಿಚ್ಚಿ ಕ್ರೌನ್ ಬದಲಿಸುವ ಪ್ರಸಂಗ ಬಂದರೆ ಅದು ಬೇರೆಯೇ.

ಈ ರೂ. 23,625ನ್ನು ಸೇರಿಸದೆ, "ನಮ್ಮ ಟ್ರ್ಯಾಕ್ಟರಿನಲ್ಲಿ ತಂದರೆ ಲಾರಿಗಿಂತ ಅಗ್ಗ" ಎನ್ನುವ ವರ್ತಕರು ತುಲನೆಯನ್ನು ಅರ್ಧಕ್ಕೇ ನಿಲ್ಲಿಸಿದಂತೆ. ಹತ್ತು ಹನ್ನೆರಡು ಕಿ.ಮೀ. ಒಳಗಿನ ಸಾಗಣೆಗೆ ಟ್ರ್ಯಾಕ್ಟರೇ ಮೇಲೆನಿಸುವುದುಂಟು. ಹಿರೇಕೆರೂರಿನಿಂದ ರಾಣೆಬೆನ್ನೂರಿನಂತಹ ದೂರಕ್ಕೆ ಲಾರಿಯ ಬಾಡಿಗೆಯನ್ನು ಒಮ್ಮೆ ವಿಚಾರಿಸಿ ನೋಡುವುದು ಒಳಿತು. ಬಾಡಿಗೆಗೆ ಬಿಡುವವರಂತೂ ಖೇಪಿನ ದರ ಹೇಳುವ ಮೊದಲು ಈ ಬಾಬನ್ನು ಸೇರಿಸಲೇಬೇಕು.

ತೆರಿಗೆಯ ದೃಷ್ಟಿಯಿಂದ ಟೈರು ಬದಲಿಸಿದ ವೆಚ್ಚ ಚಾಲ್ತಿ ದುರಸ್ತಿಯಾಗಿ ಆ ವರ್ಷದಲ್ಲಿಯೇ ಸಲ್ಲುತ್ತದೆ. ಹೊಸ ಟ್ರ್ಯಾಕ್ಟರಿನೊಡನೆ ಬಂದ ಟೈರು ಮಾತ್ರ ಯಂತ್ರದ ಬೆಲೆಯಲ್ಲಿ ಸೇರಿ ಸವಕಳಿಗೆ ಒಳಪಡುತ್ತದೆ. ಅದೇ ಟ್ರ್ಯಾಕ್ಟರ್ ಸ್ವಂತ ಹೊಲವನ್ನೂ ಉಳುತ್ತಿದ್ದರೆ ವ್ಯಾಪಾರದ ಪಾಲು ಮಾತ್ರ ಕಳೆಯಲು ಸಿಗುತ್ತದೆ, ಏಕೆಂದರೆ ಕೃಷಿ ಆದಾಯ ತೆರಿಗೆಯ ಹೊರಗಿನದು. ಈ ಪಾಲನ್ನು ಸಮರ್ಥಿಸಲು ದಿನಾಂಕ, ಹೊರಟ ಊರು, ತಲುಪಿದ ಊರು, ಗಂಟೆಮಾಪಕದ ಅಂಕಿ, ಸರಕು ಇವಿಷ್ಟನ್ನು ಚಾಲಕನಿಂದ ಬರೆಸಿದ ಒಂದು ನೋಟ್‌ಬುಕ್ ಸಾಕು. ತಿಂಗಳಿಗೊಮ್ಮೆ ಟೈರಿನ ಪಟ್ಟಿಯ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಅದರಲ್ಲಿಯೇ ಗುರುತಿಸಿದರೆ ಬಾಳಿಕೆಯ ಗಂಟೆಗಳು ಊಹೆಯಾಗಿ ಉಳಿಯುವುದಿಲ್ಲ.

22 ಸೆಪ್ಟೆಂಬರ್ 2025ರಿಂದ ಟ್ರ್ಯಾಕ್ಟರ್ ಟೈರು ಹಾಗೂ ಟ್ಯೂಬುಗಳ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ತೆರಿಗೆರಹಿತ ಧಾನ್ಯವನ್ನಷ್ಟೇ ಮಾರುವ ವರ್ತಕರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದಾದ್ದರಿಂದ ಈ ಇಳಿಕೆಯ ಪೂರ್ಣ ಲಾಭ ಅವರ ಖರೀದಿ ಬೆಲೆಯಲ್ಲಿಯೇ ಕಾಣಬೇಕು. ಟೈರಿನ ಬಿಲ್ಲು ಪಡೆಯುವಾಗ ಅದರಲ್ಲಿ ಯಾವ ದರ ಹಾಕಿದ್ದಾರೆಂಬುದನ್ನು ಅಂಗಡಿಯಲ್ಲಿಯೇ ನೋಡಿಕೊಳ್ಳತಕ್ಕದ್ದು.